ಓವನ್ ಆನ್ ಮಾಡಿದ್ರೆ ವೈಫೈ ಯಾಕೆ ಕೈಕೊಡುತ್ತೆ?

ಇವತ್ತಿನ ಕಥೆ ಶುರುವಾಗೋದು ನಮ್ಮ ಮನೆ ಅಡುಗೆಮನೆಯಿಂದ.

2020ರ ಲಾಕ್‌ಡೌನ್. ತಂಗಿಗೆ ಆನ್‌ಲೈನ್ ಪರೀಕ್ಷೆ. ಹಾಲ್‌ನಲ್ಲಿ ರೂಟರ್, ಹಿಂದಿನ ರೂಮಿನಲ್ಲಿ ಅವಳು, ಮಧ್ಯದಲ್ಲಿ ಅಡುಗೆಮನೆ. ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ನೆಟ್ ಹೋಯ್ತು. ಎರಡು ನಿಮಿಷಕ್ಕೆ ವಾಪಸ್ ಬಂತು, ಆದರೆ ಅಷ್ಟರಲ್ಲಿ ಪರೀಕ್ಷೆಯ ಪೇಜ್ ಅವಳನ್ನ ಹೊರಗೆ ಹಾಕಿತ್ತು. ಅವಳು ಅಳು, ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳ. ಮರುದಿನ ಅದೇ ಹೊತ್ತಿಗೆ ಮತ್ತೆ ನೆಟ್ ಹೋದಾಗ ಕಾರಣ ಸಿಕ್ತು. ಅಮ್ಮ ಮೈಕ್ರೋವೇವ್ ಓವನ್‌ನಲ್ಲಿ ಹಾಲು ಬಿಸಿ ಮಾಡ್ತಿದ್ರು.

"ಹಾಲು ಬಿಸಿ ಮಾಡಿದ್ರೆ ಇಂಟರ್‌ನೆಟ್ ಹೋಗುತ್ತಾ? ಏನೋ ನಿನ್ ಕಥೆ!" ಅಂದ್ರು ಅಮ್ಮ.

ಕಥೆ ಅಲ್ಲ. ಓವನ್ ಕೆಲಸ ಮಾಡೋದು 2.45 ಗಿಗಾಹರ್ಟ್ಸ್‌ನಲ್ಲಿ. ನಮ್ಮ ರೂಟರ್ ಮಾತಾಡ್ತಿದ್ದದ್ದು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ, ಅಂದ್ರೆ ಅದೇ ಜಾಗ. ಓವನ್ ಬಾಗಿಲಿನಿಂದ ಸೋರುವ ಚೂರೇ ಚೂರು ತರಂಗ ನಮ್ಮ ಮೈಗೆ ಏನೂ ಮಾಡಲ್ಲ, ಆದರೆ ರೂಟರ್‌ನ ಪಿಸುಮಾತನ್ನ ಮುಚ್ಚಿಹಾಕೋಕೆ ಸಾಕು. (ನೀರಿನ ಅಣು ಸರಿಯಾಗಿ ಈ ಫ್ರೀಕ್ವೆನ್ಸಿಗೇ ಕುಣಿಯುತ್ತೆ, ಅದಕ್ಕೇ ಓವನ್‌ಗೆ ಇದನ್ನ ಆರಿಸಿದ್ರು ಅನ್ನೋ ಮಾತು ಕೇಳಿರ್ತೀರಿ. ಅದು ಸುಳ್ಳು.)

ಸರಿ, ಇಷ್ಟು ದೊಡ್ಡ ಆಕಾಶ ಇರುವಾಗ ವೈಫೈನ ತಗೊಂಡು ಹೋಗಿ ಓವನ್ ಪಕ್ಕದಲ್ಲೇ ಯಾಕೆ ಕೂರಿಸಿದ್ರು?

ಅದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ನಮ್ಮಜ್ಜನ ಟ್ರಂಕ್. ಅದರಲ್ಲೊಂದು ಪುಟ್ಟ ಪುಸ್ತಕ ಇತ್ತು, ರೇಡಿಯೋ ಲೈಸೆನ್ಸ್. ಹೌದು, ಮನೇಲಿ ರೇಡಿಯೋ ಇಟ್ಕೊಳ್ಳೋಕೆ ಪೋಸ್ಟ್ ಆಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪ್ರಕಾರ, ವೈರ್‌ಲೆಸ್ ಉಪಕರಣ ಸುಮ್ಮನೆ ಮನೇಲಿರೋದಕ್ಕೂ ಲೈಸೆನ್ಸ್ ಬೇಕಿತ್ತು. ನಮ್ಮಲ್ಲಿ ಮಾತ್ರ ಅಲ್ಲ, ಜಗತ್ತಿನ ತುಂಬ ತರಂಗಾಂತರ ಅಂದ್ರೆ ಸರ್ಕಾರದ ಆಸ್ತಿ. ಸೇನೆಗೆ ಇಷ್ಟು, ಟಿವಿಗೆ ಇಷ್ಟು, ವಿಮಾನಕ್ಕೆ ಇಷ್ಟು ಅಂತ ಸೈಟು ಹಂಚಿದ ಹಾಗೆ ಹಂಚಿರ್ತಾರೆ.

ಯಾರಿಗೂ ಬೇಡದ ಸೈಟುಗಳೂ ಕೆಲವು ಇದ್ವು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರ ಹೊತ್ತಿಗೆ, ಅವನ್ನ ಕಾರ್ಖಾನೆ, ಪ್ರಯೋಗಾಲಯ, ಆಸ್ಪತ್ರೆಗಳ ಯಂತ್ರಗಳಿಗೆ ಅಂತ ಬಿಟ್ಟಿದ್ರು. ಇವು ಮಾತಾಡೋ ಯಂತ್ರಗಳಲ್ಲ, ಬಿಸಿ ಮಾಡೋವು, ಸದ್ದು ಮಾಡೋವು. ಓವನ್ ಬಂದು ಸೇರಿಕೊಂಡಿದ್ದೂ ಇಲ್ಲೇ. ಇಂಥ ಗದ್ದಲದಲ್ಲಿ ಯಾರು ಸಂದೇಶ ಕಳಿಸ್ತಾರೆ? ಎಂಜಿನಿಯರುಗಳು ಇದಕ್ಕೆ ಇಟ್ಟಿದ್ದ ಅಡ್ಡಹೆಸರೇ ಕಸದ ಬ್ಯಾಂಡ್.

1985ರಲ್ಲಿ ಅಮೆರಿಕದ ತರಂಗಾಂತರ ನೋಡಿಕೊಳ್ಳುವ ಸಂಸ್ಥೆ ಎಫ್‌ಸಿಸಿ, ತನ್ನ ಎಂಜಿನಿಯರ್ ಮೈಕೆಲ್ ಮಾರ್ಕಸ್ ಹಟಕ್ಕೆ ಬಿದ್ದು ತಳ್ಳಿದ ಪ್ರಸ್ತಾವಕ್ಕೆ ಒಪ್ಪಿತು. ಇಂಥ ಮೂರು ಬ್ಯಾಂಡ್‌ಗಳಲ್ಲಿ ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಸಂದೇಶ ಕಳಿಸಬಹುದು, ಆದರೆ ಸಿಗ್ನಲ್ ಅನ್ನು ಅಗಲವಾಗಿ ಹರಡಿ ಕಳಿಸಬೇಕು. ಶತ್ರು ಜಾಮ್ ಮಾಡಬಾರದು ಅಂತ ಸೇನೆ ಬಳಸ್ತಿದ್ದ ತಂತ್ರ ಅದು. ನಟಿ ಹೆಡಿ ಲಾಮಾರ್ ವೈಫೈ ಕಂಡುಹಿಡಿದಳು ಅಂತ ವಾಟ್ಸಾಪ್ ಫಾರ್ವರ್ಡ್ ಬರುತ್ತಲ್ಲ, ಅದರ ಮೂಲ ಇಲ್ಲಿದೆ. 1942ರಲ್ಲಿ ಆಕೆಗೆ ಮತ್ತು ಸಂಗೀತಗಾರ ಜಾರ್ಜ್ ಆಂಥೀಲ್‌ಗೆ ಫ್ರೀಕ್ವೆನ್ಸಿ ಬದಲಾಯಿಸುತ್ತಾ ಹೋಗುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು ನಿಜ. ವೈಫೈ ಕಂಡುಹಿಡಿದಳು ಅನ್ನೋದು ಅತಿ ಆಯ್ತು.

ಈ ಬಿಟ್ಟಿ ಜಾಗ ಯಾರ ಕಣ್ಣಿಗೆ ಬಿತ್ತು ಗೊತ್ತಾ? ಅಂಗಡಿ ಕ್ಯಾಶ್ ಕೌಂಟರ್ ಯಂತ್ರ ಮಾಡುವ ಎನ್‌ಸಿಆರ್ ಕಂಪನಿಗೆ. ಅಂಗಡಿಯವರು ಕೌಂಟರ್ ಜಾಗ ಬದಲಾಯಿಸಿದಾಗಲೆಲ್ಲ ಹೊಸದಾಗಿ ಕೇಬಲ್ ಎಳೆಯೋದು ತಲೆನೋವಾಗಿತ್ತು. ಅವರ ನೆದರ್ಲೆಂಡ್ಸ್ ಎಂಜಿನಿಯರ್ ವಿಕ್ ಹೇಯ್ಸ್ ಐಇಇಇ ಸಂಸ್ಥೆಯಲ್ಲಿ 802.11 ಅನ್ನೋ ಸಮಿತಿಯ ಅಧ್ಯಕ್ಷರಾದರು. ಕಂಪನಿಗಳೆಲ್ಲ ಕೂತು ಒಪ್ಪಿಕೊಂಡು ಮೊದಲ ಸ್ಟ್ಯಾಂಡರ್ಡ್ ಹೊರಬರೋಕೆ 1997 ಆಯ್ತು. ವೇಗ ಸೆಕೆಂಡಿಗೆ 2 ಮೆಗಾಬಿಟ್. ಈಗ ನಗು ಬರುತ್ತೆ.

1999ರಲ್ಲಿ 'ಎ' ಮತ್ತು 'ಬಿ' ಬಂದ್ವು. 'ಎ' 5 ಗಿಗಾಹರ್ಟ್ಸ್‌ನಲ್ಲಿ 54 ಮೆಗಾಬಿಟ್, 'ಬಿ' ಕಸದ ಬ್ಯಾಂಡ್‌ನಲ್ಲಿ 11. ಗೆದ್ದದ್ದು ನಿಧಾನದ್ದೇ, ಯಾಕಂದ್ರೆ ಅಗ್ಗ. ಅದೇ ವರ್ಷ ಆಪಲ್ ತನ್ನ ಐಬುಕ್ ಲ್ಯಾಪ್‌ಟಾಪ್‌ಗೆ ಇದನ್ನ ಹಾಕಿತು. "802.11ಬಿ ಕೊಡಿ" ಅಂತ ಅಂಗಡೀಲಿ ಯಾರು ಕೇಳ್ತಾರೆ? ಹೆಸರಿಡುವ ಕಂಪನಿಯೊಂದಕ್ಕೆ ದುಡ್ಡು ಕೊಟ್ಟು ಇಡಿಸಿದ ಹೆಸರು ವೈಫೈ. ಅದಕ್ಕೆ ಪೂರ್ಣರೂಪ ಇಲ್ಲ. ಕ್ವಿಜ್‌ನಲ್ಲಿ ಕೇಳಿದರೆ ಜಗಳ ಆಡಿ.

ಆಮೇಲೆ 'ಜಿ', 'ಎನ್', 'ಎಸಿ', 'ಎಎಕ್ಸ್' ಅಂತ ಅಕ್ಷರಗಳ ರಾಶಿ. 2018ರಲ್ಲಿ ಅವರಿಗೇ ಸಾಕಾಗಿ 'ಎನ್' ಅಂದ್ರೆ ವೈಫೈ 4, 'ಎಸಿ' ಅಂದ್ರೆ 5, 'ಎಎಕ್ಸ್' ಅಂದ್ರೆ 6 ಅಂತ ನಂಬರ್ ಹಾಕಿದ್ರು. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ 2.4 ಗಿಗಾಹರ್ಟ್ಸ್ ಸಾಧನಗಳಿಗೆ ಲೈಸೆನ್ಸ್ ಬೇಡ ಅನ್ನೋ ನಿಯಮ ಬಂದದ್ದು 2005ರಲ್ಲಿ. ಇಲ್ಲದಿದ್ರೆ ನಮ್ಮ ರೂಟರ್‌ಗೂ ಅಜ್ಜನ ರೇಡಿಯೋ ಥರ ಒಂದು ಪುಸ್ತಕ ಬೇಕಾಗ್ತಿತ್ತೇನೋ.

ಆದರೆ ಲೈಸೆನ್ಸ್ ಇಲ್ಲ ಅಂದ್ರೆ ರಕ್ಷಣೆಯೂ ಇಲ್ಲ. ಪಕ್ಕದ ಮನೆಯವರ ರೂಟರ್, ಬ್ಲೂಟೂತ್, ಓವನ್, ಯಾರ ಗದ್ದಲ ಬಂದ್ರೂ ಸಹಿಸ್ಕೋಬೇಕು. ಪಾಪ, ಆ ಕಸ್ಟಮರ್ ಕೇರ್‌ನವರು ಏನು ಮಾಡೋಕಾಗ್ತಿತ್ತು?

ಕೇಳೋರೂ ಯಾರು ಬೇಕಾದ್ರೂ ಆಗಬಹುದು, ಅದು ಇನ್ನೊಂದು ತೊಂದರೆ. ಶುರುವಿನ ಬೀಗದ ಹೆಸರು ಡಬ್ಲ್ಯುಇಪಿ. ಬಲವಾದ ಗೂಢಲಿಪಿ ರಫ್ತಿಗೆ ಅಮೆರಿಕ ಆಗ ಬಿಡ್ತಿರಲಿಲ್ಲ, ಹಾಗಾಗಿ ಕೀ ಬರೀ 40 ಬಿಟ್. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಅನ್ನೋ ಮೂವರು ಇದರ ದೌರ್ಬಲ್ಯ ಬಯಲು ಮಾಡಿದ್ರು. ಕೀಯನ್ನ ಇನ್ನೂ ಉದ್ದ ಮಾಡಿದ್ರೂ ಉಪಯೋಗ ಇರಲಿಲ್ಲ. 2003ಕ್ಕೆ ಡಬ್ಲ್ಯುಪಿಎ, 2004ಕ್ಕೆ ಡಬ್ಲ್ಯುಪಿಎ2, 2018ಕ್ಕೆ ಡಬ್ಲ್ಯುಪಿಎ3. ನಮ್ಮ ರೂಟರ್ ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ, 2020ರಲ್ಲೂ ಅದು ಡಬ್ಲ್ಯುಇಪಿಯಲ್ಲೇ ಕೂತಿತ್ತು! ಹಳೇ ರೂಟರ್‌ನಿಂದ ಹಾಗ್‌ಹಾಗೇ ನಕಲು ಮಾಡಿದ್ದು ನಾನೇ. ನಿಮ್ಮದನ್ನೂ ಒಂದ್ಸಲ ನೋಡಿ, ಡಬ್ಲ್ಯುಪಿಎ2ಗಿಂತ ಹಳೆಯದಿದ್ರೆ ಇವತ್ತೇ ಬದಲಾಯಿಸಿ.

ಅದೇ ಸೆಟ್ಟಿಂಗ್ಸ್‌ನಲ್ಲಿ ಹೆಸರಿನ ಕೊನೆಗೆ 5ಜಿ ಅಂತಿದ್ದ ಎರಡನೇ ನೆಟ್‌ವರ್ಕ್ ಸಿಕ್ತು. ಅದು ಮೊಬೈಲ್ 5ಜಿ ಅಲ್ಲ, 5 ಗಿಗಾಹರ್ಟ್ಸ್. ಗೋಡೆ ದಾಟೋದ್ರಲ್ಲಿ ಸ್ವಲ್ಪ ಸೋಮಾರಿ, ಆದರೆ ಓವನ್ ಗಲಾಟೆ ಅಲ್ಲಿಗೆ ಮುಟ್ಟಲ್ಲ. ರೂಟರ್‌ನ ತಂಗಿ ರೂಮಿನ ಬಾಗಿಲ ಹತ್ರ ತಂದು, ಅವಳ ಲ್ಯಾಪ್‌ಟಾಪ್‌ನ ಇದಕ್ಕೆ ಸೇರಿಸಿದೆ. ಕೈತಪ್ಪಿದ ಪೇಪರ್‌ಗೆ ಕಾಲೇಜಿನವರು ಇನ್ನೊಂದು ಅವಕಾಶ ಕೊಟ್ಟರು, ಪೂರ್ತಿ ಬರೆದಳು.

ಅಮ್ಮ ಅವತ್ತು ಹಾಲನ್ನ ಸ್ಟವ್ ಮೇಲೇ ಕಾಯಿಸಿದ್ರು. ನನ್ನ ಮೇಲೆ ಅಷ್ಟು ನಂಬಿಕೆ.