ಒಬ್ಬರ ಹೆಸರು, ಐವರ ಸಂಗೀತ

ಕಳೆದ ವಾರ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, “ಇದನ್ನೊಮ್ಮೆ ಕೇಳಿ ಸಾರ್” ಎಂದು ಮೊಬೈಲಿನಲ್ಲಿ ಸಂಗೀತ ಹಾಕಿದ. ತಂಡದ ಹೆಸರು ‘ಮಹಾವಿಷ್ಣು ಆರ್ಕೆಸ್ಟ್ರಾ’. ಭಜನಾ ಮಂಡಳಿಯೆಂದು ಭಾವಿಸಿ ನನ್ನ ಶ್ರೀಮತಿ ಕೈಮುಗಿದರು! ಕೇಳಿಬಂದದ್ದು ಜಾಝ್ ಹಾಗೂ ರಾಕ್ ಬೆಸೆದ, ಗಾಯನವಿಲ್ಲದ ವಾದ್ಯಸಂಗೀತ: ಅವರ ಎರಡನೆಯ ಆಲ್ಬಂ ‘ಬರ್ಡ್ಸ್ ಆಫ್ ಫೈರ್’.

ಐವರೂ ಐದು ಕಡೆಯವರು. ನಾಯಕ, ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಇಂಗ್ಲೆಂಡಿನವರು. ‘ಮಹಾವಿಷ್ಣು’ ಎಂಬುದು ಅವರಿಗೆ ಗುರು ಶ್ರೀ ಚಿನ್ಮಯ್ ಇತ್ತ ಹೆಸರು. ಡ್ರಮ್ಸ್ ನುಡಿಸಿದ ಬಿಲ್ಲಿ ಕೋಬಮ್ ಜನಿಸಿದ್ದು ಪನಾಮಾದಲ್ಲಿ. ಕೀಬೋರ್ಡಿನ ಯಾನ್ ಹ್ಯಾಮರ್, 1968ರಲ್ಲಿ ಸೋವಿಯತ್ ಸೇನೆ ನುಗ್ಗಿದ ಬಳಿಕ ಚೆಕೊಸ್ಲೊವಾಕಿಯಾ ತೊರೆದವರು. ಪಿಟೀಲಿನ ಜೆರ್ರಿ ಗುಡ್‌ಮನ್ ಷಿಕಾಗೋದವರು. ಬಾಸ್ ಗಿಟಾರಿನ ರಿಕ್ ಲೇರ್ಡ್ ಐರ್ಲೆಂಡಿನವರು.

ಮೊದಲ ಆಲ್ಬಂ 1971ರದು. ಎರಡನೆಯದರ ಧ್ವನಿಮುದ್ರಣ 1972ರ ಆಗಸ್ಟಿನಲ್ಲಿ ಲಂಡನ್ನಿನ ಟ್ರೈಡೆಂಟ್ ಹಾಗೂ ನ್ಯೂಯಾರ್ಕಿನ ಸಿ.ಬಿ.ಎಸ್. ಸ್ಟುಡಿಯೋಗಳಲ್ಲಿ ನಡೆಯಿತು. ಬೀಟಲ್ಸ್ ತಂಡದೊಡನೆ ದುಡಿದಿದ್ದ ಕೆನ್ ಸ್ಕಾಟ್ ಧ್ವನಿ ತಂತ್ರಜ್ಞರಾಗಿದ್ದರು. ಶೀರ್ಷಿಕೆಯ ಕೃತಿಯ ಆವರ್ತಕ್ಕೆ 18 ಎಣಿಕೆ. ‘ಒನ್ ವರ್ಡ್’ ಕೃತಿಯ ಕೊನೆಯ ಭಾಗಕ್ಕೆ 13. ಹ್ಯಾಮರ್ ಈ ಬಾರಿ ಮಿನಿಮೂಗ್ ಎಂಬ ಸಿಂಥಸೈಜರ್ ತಂದರು. ಸ್ವರವನ್ನು ಬಾಗಿಸಿ ನುಡಿಸಬಲ್ಲ ಆ ವಾದ್ಯವು ಗಿಟಾರ್, ಪಿಟೀಲುಗಳಿಗೆ ಸರಿಸಮನಾಗಿ ಉತ್ತರ ಕೊಡುತ್ತದೆ. ಜುಗಲಬಂದಿಯ ಸವಾಲ್-ಜವಾಬ್ ಬಲ್ಲ ನಮ್ಮ ಕಿವಿಗೆ ಅದು ಅಪರಿಚಿತವೆನಿಸದು.

1973ರಲ್ಲಿ ಹೊರಬಂದ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೆಯ ಸ್ಥಾನಕ್ಕೇರಿತು. ಆದರೆ ಅದರ ಹತ್ತೂ ಕೃತಿಗಳ ರಚನೆಕಾರರು ಮೆಕ್‌ಲಾಫ್ಲಿನ್ ಒಬ್ಬರೇ. ಉಳಿದವರೂ ಕೃತಿ ರಚಿಸಬಲ್ಲವರೇ ಆಗಿದ್ದರು, ಅಸಮಾಧಾನ ಬೆಳೆಯಿತು. 1973ರ ಜೂನಿನಲ್ಲಿ ಹ್ಯಾಮರ್, ಗುಡ್‌ಮನ್, ಲೇರ್ಡ್ ಅವರ ರಚನೆಗಳೂ ಧ್ವನಿಮುದ್ರಣಗೊಂಡವು. ಅಷ್ಟರಲ್ಲಿ ಮನಸ್ಸುಗಳು ಒಡೆದಿದ್ದವು. ಆ ವರ್ಷಾಂತ್ಯಕ್ಕೆ ತಂಡ ಚದುರಿತು. ಆ ಧ್ವನಿಮುದ್ರಣ ಬೆಳಕು ಕಂಡದ್ದು 1999ರಲ್ಲಿ.

ಇದನ್ನು ತಿಳಿದಾಗ ನನಗೆ ಶಾಲಾ ವಾರ್ಷಿಕೋತ್ಸವದ ನಾಟಕವೊಂದು ನೆನಪಾಯಿತು. ಹಾಡುಗಳಿಗೆ ರಾಗ ಕೂಡಿಸಿದವರು ಹತ್ತನೆಯ ತರಗತಿಯ ಮೂವರು ಹುಡುಗರು. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದದ್ದು ನನ್ನ ಹೆಸರೊಂದೇ. ಅವರಲ್ಲೊಬ್ಬ ಅದನ್ನೋದಿ, ಮಡಚಿ, ಮಾತಿಲ್ಲದೆ ನನ್ನ ಮೇಜಿನ ಮೇಲಿಟ್ಟು ಹೋದ. ಅಂದು ನಾನೂ ಮಾತನಾಡಲಿಲ್ಲ.

ಆ ಪತ್ರಿಕೆ ಇನ್ನೂ ನನ್ನ ಬಳಿ ಇದೆ. ಮೂವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮನೆಗೆ ಬನ್ನಿ. ನಿಮ್ಮ ಹೆಸರುಗಳನ್ನು ನಾನೇ ಅದರ ಮೇಲೆ ಬರೆದುಕೊಡುವೆ.