45 ದಿನಗಳ ಪರೀಕ್ಷೆ
ಹಳೆಯ ಸ್ಪರ್ಧಾ ಜೇಬುಗಡಿಯಾರ ಮಾರಾಟಕ್ಕೆ ಬಂದರೆ ತಿಳಿದವರು ಮೊದಲು ಕೇಳುವುದು ಅದರ ಪ್ರಮಾಣಪತ್ರವನ್ನು. ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ 1884ರಲ್ಲಿ ಜೇಬುಗಡಿಯಾರಗಳ ಪರೀಕ್ಷೆ ಆರಂಭಿಸಿತು. ‘ಎ’ ದರ್ಜೆಗೆ 45 ದಿನ: ನಿಲ್ಲಿಸಿ, ಮಲಗಿಸಿ, ಮಗುಚಿ ಹಾಕಿ, ಚಳಿಯಲ್ಲೂ ಬಿಸಿಯಲ್ಲೂ ಇಟ್ಟು ನಡಿಗೆ ಅಳೆಯುತ್ತಿದ್ದರು. 100ಕ್ಕೆ 80 ಅಂಕ ಬಂದರೆ ‘ವಿಶೇಷ ಉತ್ತಮ’. ಆ ಅಂಕಗಳನ್ನು ತಯಾರಕರು ಜಾಹೀರಾತಿನಲ್ಲಿ ಮೆರೆಸಿದರು. ಕೂದಲೆಳೆಯಂಥ ಸುರುಳಿಯನ್ನು ತಾಳ್ಮೆಯಿಂದ ತಿದ್ದಿದ ಕುಶಲಕರ್ಮಿಯ ಹೆಸರು ಮುಖಬಿಲ್ಲೆಯ ಮೇಲೆ ಬರಲಿಲ್ಲ. 1967ರಲ್ಲಿ ಸ್ವಿಟ್ಜರ್‌ಲೆಂಡಿನ ನ್ಯೂಷಾಟೆಲ್ ವೀಕ್ಷಣಾಲಯದ ಪರೀಕ್ಷೆಗೆ ಕ್ವಾರ್ಟ್ಜ್ ಕೈಗಡಿಯಾರಗಳು ಬಂದವು. ಆ ಕೈಚಳಕದ ಕಾಲ ಮುಗಿಯಿತು.

ಲಂಡನ್ನಿನ ನನ್ನ ಗೆಳೆಯರೊಬ್ಬರು ತಮ್ಮ ಸಂಗ್ರಹ ಮಾರಲು ಹೊರಟಾಗ, ಗಡಿಯಾರವನ್ನೂ ಕಾಗದವನ್ನೂ ಅಗಲಿಸಬೇಡಿ ಎಂದೆ. ಆ ಅಜ್ಞಾತ ಕುಶಲಕರ್ಮಿಯ ದುಡಿಮೆಗೆ ಉಳಿದ ಲಿಖಿತ ಸಾಕ್ಷಿ ಅದೊಂದೇ.