ಕೂಲಿಕಾರ ಹೆಂಗಸರು ಕೇಳಿದ ಪ್ರಶ್ನೆ

1901ರ ಜನಗಣತಿಯಂತೆ ಭಾರತದಲ್ಲಿ ಸಾವಿರ ಪುರುಷರಿಗೆ 972 ಮಹಿಳೆಯರಿದ್ದರು, 1971ರಲ್ಲಿ 930. ಸಂವಿಧಾನ ಸಮಾನತೆ ಕೊಟ್ಟ ಮೇಲೂ ಇಳಿಕೆ ನಿಂತಿರಲಿಲ್ಲ. 1974ರ ಕೊನೆಗೆ ಸಿದ್ಧವಾದ ‘ಸಮಾನತೆಯ ಕಡೆಗೆ’ ಎಂಬ ರಾಷ್ಟ್ರೀಯ ಸಮಿತಿಯ ವರದಿ ಇಂಥ ಅಂಕಿಗಳನ್ನು ದೇಶದ ಮುಂದಿಟ್ಟಿತು. ಸಮಿತಿಯ ಸದಸ್ಯ-ಕಾರ್ಯದರ್ಶಿ ವೀಣಾ ಮಜುಂದಾರ್ ರಾಜ್ಯಶಾಸ್ತ್ರದ ಅಧ್ಯಾಪಕಿ. ಸದಸ್ಯೆ ಲೋತಿಕಾ ಸರ್ಕಾರ್ ಕಾನೂನು ಪ್ರಾಧ್ಯಾಪಕಿ. ವಿಶ್ವವಿದ್ಯಾಲಯದಲ್ಲಿ ಬಾಳಿದ ಇವರಿಗೇ ವರದಿಯ ಫಲಿತಾಂಶ ಆಘಾತ ತಂದಿತ್ತು.

ಇವರೂ ಸಂಗಡಿಗರೂ 1980ರಲ್ಲಿ ದೆಹಲಿಯಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಅದೇ ವರ್ಷ ಪಶ್ಚಿಮ ಬಂಗಾಳದ ಬಾಂಕುರಾ ಜಿಲ್ಲೆಯ ಝಿಲಿಮಿಲಿಯಲ್ಲಿ ಕೃಷಿ ಕೂಲಿಕಾರ ಮಹಿಳೆಯರ ಶಿಬಿರ ನಡೆಯಿತು. ಶಿಬಿರವೆಂದರೆ ಒಬ್ಬರು ಹೇಳುವುದು, ಉಳಿದವರು ಕೇಳುವುದು ಎಂಬುದು ನಮ್ಮಲ್ಲಿನ ರೂಢಿ. ಇಲ್ಲಿ ಹೆಂಗಸರೇ ಮಾತನಾಡಿದರು. ಕಾಡು ಹೋಯಿತು, ಜೀವನವೂ ಹೋಯಿತು. ನಾಟಿ, ಕೊಯ್ಲಿಗೆ ಮಕ್ಕಳನ್ನು ಕಟ್ಟಿಕೊಂಡು ಪೂರ್ವದ ಜಿಲ್ಲೆಗಳಿಗೆ ಗುಳೆ ಹೋಗುತ್ತೇವೆ, ಊರಲ್ಲೇ ಕೆಲಸ ಬೇಕು ಎಂದರು.

ಊರಿನ ಕೆಲವರು ಬಂಜರು ನೆಲವನ್ನು ದಾನ ಕೊಟ್ಟರು. ಅದನ್ನು ಪಡೆಯಲು ಹೆಂಗಸರು ಸಮಿತಿ ಕಟ್ಟಿ ನೋಂದಾಯಿಸಿದರು, ಅರ್ಜುನ ಗಿಡ ನೆಟ್ಟರು. ನಾವು ಹೊಳೆಮತ್ತಿ ಎನ್ನುವುದು ಇದನ್ನೇ. ಇದರ ಎಲೆ ಟಸ್ಸಾರ್ ರೇಷ್ಮೆ ಹುಳುವಿನ ಆಹಾರ. ಹಿಪ್ಪುನೇರಳೆ ಹುಳುವಿನಂತೆ ಇದನ್ನು ಮನೆಯೊಳಗೆ ಸಾಕುವುದಿಲ್ಲ. ಮರದ ಮೇಲೆಯೇ ಬಿಟ್ಟು ಹಕ್ಕಿ, ಇರುವೆಗಳಿಂದ ಕಾಯಬೇಕು. ಅಕ್ಕಪಕ್ಕದ ಹಳ್ಳಿಗಳಲ್ಲೂ ಸಮಿತಿಗಳು ಹುಟ್ಟಿಕೊಂಡವು.

ಆದರೆ ನೆಲಕ್ಕಿಂತ ದೂರ ಹೋದದ್ದು ಒಂದು ಪ್ರಶ್ನೆ. ಆ ಕಾಲದಲ್ಲೇ ಬಂಗಾಳದ ಬಡ ಹೆಂಗಸರು ಕೇಳಿದ್ದರು: ಸರ್ಕಾರ ಭೂಮಿ ಹಂಚುವಾಗ ಪಟ್ಟಾ ನಮ್ಮ ಹೆಸರಿಗೇಕಿಲ್ಲ? ನಾವು ರೈತರಲ್ಲವೇ? ಗಂಡ ಹೊರಗೆ ಹಾಕಿದರೆ ಗತಿಯೇನು? ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಈ ಮಾತನ್ನು ದಾಖಲಿಸಿ, ದಕ್ಷಿಣ ಏಷ್ಯಾದ ಮಹಿಳೆಯರ ಭೂಹಕ್ಕಿನ ಬಗ್ಗೆ 1994ರಲ್ಲಿ ಬೃಹತ್ ಗ್ರಂಥ ಪ್ರಕಟಿಸಿದರು. ಅದೇ 1994ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಸಿಕ್ಕಿತು. ಅಗರ್ವಾಲ್ ಮತ್ತು ಮಹಿಳಾ ಸಂಘಟನೆಗಳ ಒತ್ತಾಯದ ನಂತರ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ದೇಶಕ್ಕೆಲ್ಲ ತಿದ್ದುಪಡಿಯಾಯಿತು. ಕೃಷಿಭೂಮಿಯೂ ಅದರೊಳಗೆ ಬಂತು.

ಆ ಕಾಯಿದೆ ಪರಿಶಿಷ್ಟ ಪಂಗಡಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬಾಂಕುರಾದ ಆ ಸಮಿತಿಗಳಲ್ಲಿದ್ದ ಅನೇಕರು ಸಂತಾಲ ಆದಿವಾಸಿಗಳು.